ಸೋರಿದ ಸಿರಿಂಜೂ ಒಂದು ಪ್ರಶ್ನೆಯೂ

ನಮ್ಮ ಕಾಸರಗೋಡಿನ ಶಾಲೆಯಲ್ಲಿ ಮೊನ್ನೆ ಪ್ಯಾಸ್ಕಲ್ ನಿಯಮದ ಪಾಠವಿತ್ತು. ಎರಡು ಸಿರಿಂಜುಗಳ ನಡುವೆ ಕೊಳವೆ ಜೋಡಿಸಿ ನೀರು ತುಂಬಿಸಿದೆವು. ಒಂದನ್ನು ಒತ್ತಿದರೆ ಇನ್ನೊಂದು ಮೇಲೇಳುತ್ತದೆ. ಕಾರಿನ ಬ್ರೇಕು, ಜೆಸಿಬಿಯ ಕೈ, ದೊಡ್ಡ ವಿಮಾನದ ರೆಕ್ಕೆ-ಬಾಲಗಳ ಫಲಕ ಎಲ್ಲವೂ ಹೀಗೇ ಎನ್ನುವಷ್ಟರಲ್ಲಿ ಕೊಳವೆ ಕಳಚಿ ನೀರೆಲ್ಲ ಮೇಜಿನ ಮೇಲೆ!

ಮಕ್ಕಳು ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ. "ಸರ್, ವಿಮಾನದಲ್ಲಿ ಹೀಗೆ ಸೋರಿದರೆ?"

ಅವಳಪ್ಪ ದುಬಾಯಿಯಿಂದ ರಜೆಗೆ ಬರುವವರಿದ್ದರು. 2010ರ ಮೇ 22ರಂದು ಮಂಗಳೂರಿನಲ್ಲಿ ದುಬಾಯಿ ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡದ್ದನ್ನು ನಮ್ಮ ಊರು ಮರೆತಿಲ್ಲ. ಅದಕ್ಕೆ ಕಾರಣ ಹೈಡ್ರಾಲಿಕ್ ಅಲ್ಲ. ಆದರೆ ಹೆದರಿಕೆ ಕಾರಣ ಕೇಳಿ ಬರುವುದಿಲ್ಲವಲ್ಲ.

ನಮಗೆ ತಿಳಿದಷ್ಟು ಹೇಳಿದೆವು. ದೊಡ್ಡ ವಿಮಾನದಲ್ಲಿ ಇಂತಹ ವ್ಯವಸ್ಥೆ ಒಂದಲ್ಲ, ಎರಡೋ ಮೂರೋ ಬೇರೆಬೇರೆಯಾಗಿ ಇರುತ್ತವೆ. ಒಂದು ಕೆಟ್ಟರೆ ಒಬ್ಬ ಪೈಲಟ್ ವಿಮಾನ ನಡೆಸುತ್ತಾರೆ, ಇನ್ನೊಬ್ಬರು ಪಟ್ಟಿ ಓದಿ ಒಂದೊಂದೇ ಹೆಜ್ಜೆ ಮಾಡುತ್ತಾರೆ. ಬ್ರೇಕು ಕಡಿಮೆಯಾದರೆ ಉದ್ದದ ರನ್‌ವೇ ಹುಡುಕುತ್ತಾರೆ. ಚಕ್ರಗಳನ್ನು ಅವುಗಳ ಭಾರದಿಂದಲೇ ಇಳಿಸುವ ಏರ್ಪಾಡೂ ಇರುತ್ತದೆ.

"ಎಲ್ಲವೂ ಕೆಟ್ಟರೆ?"

ಮಾತು ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. 1989ರ ಜುಲೈ 19ರಂದು ಅಮೆರಿಕದಲ್ಲಿ ಯುನೈಟೆಡ್ 232 ವಿಮಾನದ ಬಾಲದ ಎಂಜಿನು ಒಡೆದು ಮೂರೂ ವ್ಯವಸ್ಥೆಗಳ ಎಣ್ಣೆ ಹೋಯಿತು. ಕ್ಯಾಪ್ಟನ್ ಆಲ್ ಹೇನ್ಸ್ ಕೈಯಲ್ಲಿದ್ದ ಚಕ್ರ ತಿರುಗಿಸಿದರೂ ವಿಮಾನ ಕೇಳುತ್ತಿರಲಿಲ್ಲ. ಪ್ರಯಾಣಿಕರ ನಡುವೆ ಡೆನ್ನಿ ಫಿಚ್ ಎಂಬ ತರಬೇತಿ ಪೈಲಟ್ ಇದ್ದರು. ಹೇನ್ಸ್ ಹಿಂಜರಿಯದೆ ಅವರನ್ನು ಒಳಗೆ ಕರೆಸಿಕೊಂಡರು. ಉಳಿದ ಎರಡು ಎಂಜಿನುಗಳ ಶಕ್ತಿಯನ್ನಷ್ಟೇ ಹೆಚ್ಚುಕಡಿಮೆ ಮಾಡುತ್ತ, ಮುಕ್ಕಾಲು ಗಂಟೆಯ ಹತ್ತಿರ ಹಾರಿಸಿ ಸೂ ಸಿಟಿಯ ರನ್‌ವೇವರೆಗೆ ತಂದರು. ಇಳಿಯುವಾಗ ವಿಮಾನ ಒಡೆದು ಬೆಂಕಿ ಹತ್ತಿತು.

"ಎಷ್ಟು ಜನ ಉಳಿದರು?"

296ರಲ್ಲಿ 184. ತೀರಿಕೊಂಡವರು 112. ಎರಡನ್ನೂ ಬೋರ್ಡಿನಲ್ಲಿ ಬರೆದೆವು. ಆಮೇಲೆ ಆ ಬಗೆಯ ವಿಮಾನಗಳಿಗೆ, ಕೊಳವೆ ತುಂಡಾದರೂ ಎಣ್ಣೆ ಪೂರ್ತಿ ಹೋಗದಂತೆ ತಡೆಯುವ ವಾಲ್ವು ಹಾಕಿದರು ಎಂದೂ ಹೇಳಿದೆವು.

ಅವಳು ಸ್ವಲ್ಪ ಹೊತ್ತು ಬೋರ್ಡು ನೋಡಿದಳು. ಮತ್ತೆ ಎದ್ದುಬಂದು ಕಳಚಿದ ಕೊಳವೆ ಹಿಡಿದು, "ಸರ್, ಇಲ್ಲಿ ನೂಲು ಬಿಗಿದು ಕಟ್ಟಿದರೆ?" ಎಂದಳು. ನಮಗದು ಹೊಳೆದಿರಲಿಲ್ಲ. ಕಟ್ಟಿದೆವು. ಈ ಸಲ ಸೋರಲಿಲ್ಲ.