ಗೆಲುವಿನ ಅಂತರ: ಹಾಸನ ಸೀಮೆಯಲ್ಲೊಂದು ಸುತ್ತು

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಹಾಸನ ಜಿಲ್ಲೆಯ ಏಳು ಕ್ಷೇತ್ರಗಳ ಪೈಕಿ ನಾಲ್ಕು ಜೆಡಿಎಸ್‌ಗೆ, ಎರಡು ಬಿಜೆಪಿಗೆ, ಒಂದು ಕಾಂಗ್ರೆಸ್ಸಿಗೆ ಬಂದವು. ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು, ಜೆಡಿಎಸ್ 19ಕ್ಕೆ ಇಳಿದ ವರ್ಷ ಅದು. ದೇವೇಗೌಡರ ಜಿಲ್ಲೆ ಅವರ ಕೈಯಲ್ಲೇ ಉಳಿಯಿತು ಎಂದು ದೂರದವರು ತೀರ್ಮಾನಿಸಲು ಆ ನಾಲ್ಕು ಸ್ಥಾನ ಸಾಕಾಯಿತು. ನನಗೆ ಸಾಕಾಗಲಿಲ್ಲ. ನಾಲ್ಕೂ ಕ್ಷೇತ್ರಗಳ ಮತಗಳ ಲೆಕ್ಕ ಬರೆದುಕೊಂಡು, ಒಂದು ಶ್ರಾವಣದಲ್ಲಿ ಬೆಂಗಳೂರಿನಿಂದ ರೈಲು ಹತ್ತಿದೆ.

ಮೊದಲು ಇಳಿದದ್ದು ಚನ್ನರಾಯಪಟ್ಟಣದಲ್ಲಿ. ಈ ಹಳಿ ದೇವೇಗೌಡರು ಪ್ರಧಾನಿಯಾಗಿದ್ದ ಕಾಲದ ಯೋಜನೆ. ಬೆಂಗಳೂರಿನಿಂದ ಹಾಸನದವರೆಗೆ ನೇರವಾಗಿ ರೈಲು ಓಡಲು 2017 ಬರಬೇಕಾಯಿತು. ತಾಲ್ಲೂಕು ಕೇಂದ್ರ ಚನ್ನರಾಯಪಟ್ಟಣವಾದರೂ ಕ್ಷೇತ್ರದ ಹೆಸರು ಶ್ರವಣಬೆಳಗೊಳ. ಇಲ್ಲಿನ ಶಾಸಕ ಸಿ.ಎನ್. ಬಾಲಕೃಷ್ಣ, ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಅವರ ಸಹೋದರ. 2018ರಲ್ಲಿ ಅವರು ಗೆದ್ದ ಅಂತರ 53,012. ಐದು ವರ್ಷ ಕಳೆದು ಮತ್ತೆ ಗೆದ್ದಾಗ ಅದು 6,645. ಬಸ್ ನಿಲ್ದಾಣದ ಬಳಿ ಎಳನೀರು ಕೊಚ್ಚುತ್ತಿದ್ದ ಹಿರಿಯರೊಬ್ಬರ ಮುಂದೆ ಈ ಎರಡು ಅಂಕಿ ಇಟ್ಟೆ. “ಸೋಲಿಸ್ಬೇಕು ಅಂತಲ್ಲ ಸಾ, ನಮ್ಮ ಮಾತೂ ಕೇಳ್ಲಿ ಅಂತ” ಎಂದರು. ಗೆದ್ದವರ ಹೆಸರಷ್ಟೇ ಇರುವ ಪಟ್ಟಿಯಲ್ಲಿ ಈ ಮಾತಿಗೆ ಜಾಗವಿಲ್ಲ.

ಹಾಸನಕ್ಕೆ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ. ಆಲೂಗಡ್ಡೆ ಕೀಳುವ ಕಾಲ, ದಾರಿಯುದ್ದಕ್ಕೂ ಮೂಟೆಗಳು. ನಗರದಲ್ಲಿ 2018ರಲ್ಲಿ ಬಿಜೆಪಿಯ ಪ್ರೀತಂ ಗೌಡ, ನಾಲ್ಕು ಸಲ ಶಾಸಕರಾಗಿದ್ದ ಎಚ್.ಎಸ್. ಪ್ರಕಾಶ್ ಅವರನ್ನು ಸೋಲಿಸಿದ್ದರು. ಅದೇ ವರ್ಷ ಪ್ರಕಾಶ್ ತೀರಿಕೊಂಡರು. 2023ರಲ್ಲಿ ಜೆಡಿಎಸ್ ಟಿಕೆಟ್‌ಗೆ ದೇವೇಗೌಡರ ಸೊಸೆ ಭವಾನಿ ರೇವಣ್ಣ ಪಟ್ಟು ಹಿಡಿದರು, ಅವರ ಮೈದುನ ಕುಮಾರಸ್ವಾಮಿ ಒಪ್ಪಲಿಲ್ಲ. ಮನೆಯೊಳಗಿನ ಜಗ್ಗಾಟ ವಾರಗಟ್ಟಲೆ ಬೀದಿಯ ಮಾತಾಯಿತು. ಕೊನೆಗೆ ಟಿಕೆಟ್ ಸಿಕ್ಕಿದ್ದು ಪ್ರಕಾಶ್ ಅವರ ಮಗ ಸ್ವರೂಪ್‌ಗೆ. ಅವರು 7,854 ಮತಗಳಿಂದ ಗೆದ್ದರು. ಕುಟುಂಬದ ಹೊರಗಿನವರಿಗೆ ಟಿಕೆಟ್ ಕೊಟ್ಟದ್ದರಿಂದಲೇ ಹಾಸನ ಮರಳಿ ಬಂತೆಂಬುದು ನನ್ನ ಖಚಿತ ಅಭಿಪ್ರಾಯ.

ಅರಕಲಗೂಡಿನಲ್ಲಿ ನಾನು ಬಹಳ ಹೊತ್ತು ಉಳಿದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಘಾಟು ಗಾಳಿಯಲ್ಲಿತ್ತು. ಶುಂಠಿ ಹೊಲಗಳು ಹಸಿರಾಗಿದ್ದವು. ಈ ತಾಲ್ಲೂಕಿನ ರಾಜಕೀಯ ದಶಕಗಳ ಕಾಲ ಇಬ್ಬರ ನಡುವೆ ಓಡಾಡಿತು: ಎ. ಮಂಜು ಮತ್ತು ಎ.ಟಿ. ರಾಮಸ್ವಾಮಿ. 1999ರಲ್ಲಿ ಮಂಜು ಬಿಜೆಪಿಯಿಂದ ಗೆದ್ದರು, 2004ರಲ್ಲಿ ರಾಮಸ್ವಾಮಿ ಜೆಡಿಎಸ್‌ನಿಂದ. 2008 ಮತ್ತು 2013ರಲ್ಲಿ ಮತ್ತೆ ಮಂಜು, ಆಗ ಕಾಂಗ್ರೆಸ್. ಬೆಂಗಳೂರಿನ ಸರ್ಕಾರಿ ಭೂಮಿ ಒತ್ತುವರಿಯನ್ನು ಬಯಲಿಗೆಳೆದ ಸದನ ಸಮಿತಿಯ ಅಧ್ಯಕ್ಷರಾಗಿದ್ದ ರಾಮಸ್ವಾಮಿ 2018ರಲ್ಲಿ ಮರಳಿ ಗೆದ್ದರು. ಆ ಸಲ ಕಾಂಗ್ರೆಸ್ಸಿನ ಮಂಜು 74,411 ಮತ ಪಡೆದು ಸೋತರು. 2023ರಲ್ಲಿ ಅದೇ ಮಂಜು ಜೆಡಿಎಸ್‌ನಿಂದ ನಿಂತು 74,643 ಪಡೆದು ಗೆದ್ದರು.

ಈ ಎರಡು ಸಂಖ್ಯೆಗಳನ್ನು ಊರಿನ ಅರಳಿಕಟ್ಟೆಯ ಮೇಲೆ ಕೂತು ಮತ್ತೆ ಮತ್ತೆ ನೋಡಿದೆ. ಪಕ್ಷ ಬದಲಾಯಿತು, ಚಿಹ್ನೆ ಬದಲಾಯಿತು, ಹೆಚ್ಚಾದದ್ದು 232 ಮತ. ಮಂಜು ಪಡೆದ ಮತಗಳ ಲೆಕ್ಕದಲ್ಲಿ ಸೋಲಿಗೂ ಗೆಲುವಿಗೂ ಇದ್ದ ವ್ಯತ್ಯಾಸ ಅಷ್ಟೇ. ಅತ್ತ ಎದುರಾಳಿಗಳ ಮತ ಒಡೆದಿತ್ತು. ಎರಡನೆಯವರಾಗಿ ಬಂದದ್ದು 55,038 ಮತ ಪಡೆದ ಪಕ್ಷೇತರ ಎಂ.ಟಿ. ಕೃಷ್ಣೇಗೌಡ. ಇದನ್ನು ‘ಜೆಡಿಎಸ್ ಗೆದ್ದ ಕ್ಷೇತ್ರ’ ಎಂದು ಬರೆಯುವುದು ತಪ್ಪಲ್ಲ. ಆದರೆ ಹಾಗೆ ಬರೆದು ಮುಂದೆ ಹೋದರೆ ಅರಕಲಗೂಡು ನಮಗೆ ಅರ್ಥವಾಗುವುದಿಲ್ಲ.

ಹೇಮಾವತಿಯ ದಂಡೆಯ ಹೊಳೆನರಸೀಪುರ ತಲುಪಿದಾಗ ಸಂಜೆ. 1962ರಲ್ಲಿ ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಹರದನಹಳ್ಳಿಯ ದೇವೇಗೌಡರನ್ನು ವಿಧಾನಸಭೆಗೆ ಕಳಿಸಿದ ಊರು ಇದು. 1989ರಲ್ಲಿ ಅವರನ್ನು ಸೋಲಿಸಿದ್ದೂ ಇದೇ ಊರು, ಗೆದ್ದವರು ಜಿ. ಪುಟ್ಟಸ್ವಾಮಿಗೌಡ. ಹತ್ತು ವರ್ಷಗಳ ಬಳಿಕ, 1999ರಲ್ಲಿ, ಪುಟ್ಟಸ್ವಾಮಿಗೌಡರು ಹಾಸನ ಲೋಕಸಭಾ ಕ್ಷೇತ್ರದಲ್ಲೂ ದೇವೇಗೌಡರನ್ನು ಮಣಿಸಿದರು. ಅದೇ ವರ್ಷ ದೇವೇಗೌಡರ ಮಗ ರೇವಣ್ಣನವರೂ ಇಲ್ಲಿ ವಿಧಾನಸಭೆಗೆ ಸೋತರು. ಮಾಜಿ ಪ್ರಧಾನಿಯನ್ನೇ ಮನೆಗೆ ಕಳಿಸಿದ ಮತದಾರರನ್ನು ಒಂದು ಮನೆತನದ ಸ್ವತ್ತು ಎನ್ನುವುದು ಅವರಿಗೆ ಮಾಡುವ ಅವಮಾನ.

2018ರಲ್ಲಿ ರೇವಣ್ಣ ಗೆದ್ದದ್ದು 43,832 ಮತಗಳಿಂದ. 2023ರಲ್ಲಿ 3,152. ಎದುರಿಗೆ ನಿಂತಿದ್ದವರು ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್. ಮರುವರ್ಷ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯ ಬೆಂಬಲವಿದ್ದೂ ರೇವಣ್ಣನವರ ಮಗ ಪ್ರಜ್ವಲ್ ಅದೇ ಶ್ರೇಯಸ್ ಎದುರು 42,649 ಮತಗಳಿಂದ ಸೋತರು. ಪ್ರಜ್ವಲ್ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳು ಹೊರಬಂದದ್ದು ಮತದಾನದ ಆಸುಪಾಸಿನಲ್ಲಿ. ಸೋಲಿಗೆ ಅವೇ ಕಾರಣವೆಂದು ಹಲವರು ಹೇಳಿದರು. ಆ ಹೆಣ್ಣುಮಕ್ಕಳ ನೋವು ಚುನಾವಣೆಯ ಲೆಕ್ಕಕ್ಕಿಂತ ದೊಡ್ಡದು. 2025ರ ಆಗಸ್ಟ್‌ನಲ್ಲಿ ಒಂದು ಅತ್ಯಾಚಾರ ಪ್ರಕರಣದಲ್ಲಿ ಪ್ರಜ್ವಲ್‌ಗೆ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ನೆಲ ಆ ಆರೋಪಗಳಿಗೂ ಮುಂಚೆಯೇ ಸಡಿಲಾಗಿತ್ತು. ಚನ್ನರಾಯಪಟ್ಟಣದ 6,645, ಹೊಳೆನರಸೀಪುರದ 3,152 ಒಂದು ವರ್ಷ ಮೊದಲೇ ಅದನ್ನು ಹೇಳಿದ್ದವು.

2028ರಲ್ಲಿ ಮತ್ತೆ ವಿಧಾನಸಭಾ ಫಲಿತಾಂಶ ಬರುತ್ತದೆ. ಜಿಲ್ಲೆಗೆ ಯಾರು ಎಷ್ಟು ಸ್ಥಾನ ಗೆದ್ದರು ಎಂಬ ಸಾಲಿಗೇ ನಿಲ್ಲಬೇಡಿ. ತಾಲ್ಲೂಕು ತಾಲ್ಲೂಕಾಗಿ, ಸೋತವರ ಮತಗಳನ್ನೂ ಸೇರಿಸಿ, ಹಿಂದಿನ ಚುನಾವಣೆಯ ಅಂಕಿಗಳ ಪಕ್ಕದಲ್ಲಿಟ್ಟು ಓದಿ.