ಒಂದು ನಿಮಿಷದ ಮೌನ

ವಿಧಾನಸಭೆ ಅಂದ್ರೆ ನಮಗೆಲ್ಲ ನೆನಪಾಗೋದು ಗದ್ದಲ, ಧರಣಿ, ಸಭಾತ್ಯಾಗ. ಆದರೆ ಅಧಿವೇಶನದ ಮೊದಲ ದಿನ ಸಾಮಾನ್ಯವಾಗಿ ಇನ್ನೊಂದು ಕೆಲಸ ನಡೆಯುತ್ತೆ, ಅದನ್ನು ಗಮನಿಸೋರು ಕಡಿಮೆ. ಹಿಂದಿನ ಅಧಿವೇಶನದ ನಂತರ ತೀರಿಕೊಂಡವರ ಹೆಸರನ್ನು ಸಭಾಧ್ಯಕ್ಷರು ಓದ್ತಾರೆ. ಹುಟ್ಟಿದ ಊರು, ಓದು, ಎಷ್ಟು ಸಲ ಗೆದ್ದರು, ಯಾವ ಖಾತೆ ನೋಡಿಕೊಂಡರು... ಆಮೇಲೆ ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕರು, ಜೊತೆಗಿದ್ದವರು ಮಾತಾಡ್ತಾರೆ. ಕೊನೆಗೆ ಎಲ್ಲರೂ ಎದ್ದು ನಿಂತು ಮೌನ. ನಿರ್ಣಯದ ಪ್ರತಿ ಮೃತರ ಮನೆಗೆ ಹೋಗುತ್ತೆ. ಈ ಸಂತಾಪ ನಿರ್ಣಯಕ್ಕೆ ತಿದ್ದುಪಡಿ ಇಲ್ಲ, ಪರ-ವಿರೋಧ ಇಲ್ಲ.

ಇಲ್ಲಿ ಗಾಂಧಿನಗರದಲ್ಲೂ ಇದೇ ಪದ್ಧತಿ; ಶೋಕದರ್ಶಕ ಉಲ್ಲೇಖ ಅಂತಾರೆ. ವಟ್ವಾದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗದು ಬೆಸಣುವಿನ ದೊಡ್ಡ ರೂಪದ ಹಾಗೆ ಕಾಣುತ್ತೆ. ಗುಜರಾತಿಗೆ ಹೊಸಬರಾದವರಿಗೆ ಹೇಳ್ತೀನಿ: ಸಾವಾದ ಮನೆಯವರು ಪೇಪರಿನಲ್ಲಿ ಫೋಟೋ, ಜಾಗ, ಸಮಯ ಹಾಕಿಸ್ತಾರೆ. ಜನ ಬಿಳಿ ಬಟ್ಟೆ ಹಾಕ್ಕೊಂಡು ಬಂದು, ಫೋಟೋಗೆ ಹೂ ಇಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಕೈ ಮುಗಿದು ಹೋಗ್ತಾರೆ. ಜಗಳ ಆಡಿಕೊಂಡವರೂ ಬರ್ತಾರೆ.

ಎಸ್.ಎಂ. ಕೃಷ್ಣ ತೀರಿಕೊಂಡಿದ್ದು 2024ರ ಡಿಸೆಂಬರ್ 10ರಂದು. ಆಗ ಬೆಳಗಾವಿಯಲ್ಲಿ ಅಧಿವೇಶನ ನಡೀತಿತ್ತು. 1999ರಿಂದ 2004ರವರೆಗೆ ಮುಖ್ಯಮಂತ್ರಿ ಆಗಿದ್ದರು ಅನ್ನೋದು ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು, 1989ರಿಂದ 1993ರವರೆಗೆ, ಅವರೇ ಸಭಾಧ್ಯಕ್ಷರು. ಅಂದ್ರೆ ಆ ಕುರ್ಚಿಯಲ್ಲಿ ಕೂತು ಎಷ್ಟೋ ಜನರ ಸಂತಾಪದ ಮಾತನ್ನು ಓದಿದವರು. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆ ಜಾರಿಗೆ ಬಂದಿದ್ದು ಅವರ ಕಾಲದಲ್ಲೇ. ಊರಲ್ಲಿ ಎರಡು ಎಕರೆ ಬಿಟ್ಟು ಬಂದ ನಮ್ಮಂಥವರಿಗೆ ಅದರ ಬೆಲೆ ಗೊತ್ತು.

ಇನ್ನಿಬ್ಬರನ್ನು ಒಟ್ಟಿಗೆ ನೆನಪು ಮಾಡಿಕೊಳ್ಳೋದು ನನ್ನ ಅಭ್ಯಾಸ. ಒಬ್ಬರು ಗುಜರಾತಿನವರು, ಬಲವಂತರಾಯ್ ಮೆಹತಾ. 1957ರಲ್ಲಿ ಅವರ ಸಮಿತಿ ಕೊಟ್ಟ ವರದಿಯಿಂದಲೇ ದೇಶದಲ್ಲಿ ಪಂಚಾಯತ್ ರಾಜ್ ಶುರುವಾಗಿದ್ದು. ಮುಖ್ಯಮಂತ್ರಿ ಆಗಿದ್ದಾಗಲೇ, 1965ರ ಸೆಪ್ಟೆಂಬರ್ 19ರಂದು, ಕಚ್ಛ್‌ನಲ್ಲಿ ಅವರಿದ್ದ ವಿಮಾನವನ್ನು ಪಾಕಿಸ್ತಾನದ ಯುದ್ಧವಿಮಾನ ಹೊಡೆದುರುಳಿಸಿತು. ಹೆಂಡತಿಯೂ ಜೊತೆಗಿದ್ದರು. ಇನ್ನೊಬ್ಬರು ನಮ್ಮ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಹೆಂಗಸರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟ 1983ರ ಪಂಚಾಯತ್ ಕಾಯ್ದೆಯ ಹಿಂದೆ ಇದ್ದವರು. ಅವರು ತೀರಿಕೊಂಡಿದ್ದು 1988ರಲ್ಲಿ.

ಮೆಹತಾ ಅವರ ವಿಷಯದಲ್ಲಿ ಒಂದು ಸಂತಾಪ 46 ವರ್ಷ ತಡವಾಗಿ ಬಂತು. ಆ ದಿನ ಗುಂಡು ಹಾರಿಸಿದ ಪಾಕಿಸ್ತಾನಿ ಪೈಲಟ್ ಕೈಸ್ ಹುಸೇನ್ 2011ರಲ್ಲಿ, ನಮ್ಮ ವಿಮಾನದ ಪೈಲಟ್ ಜಹಾಂಗೀರ್ ಇಂಜಿನಿಯರ್ ಅವರ ಮಗಳಿಗೆ ಪತ್ರ ಬರೆದರು. ಆಕೆ ಕಹಿಯಿಲ್ಲದೆ ಉತ್ತರ ಕೊಟ್ಟರು. ಯಾವ ಸದನವೂ ಹೇಳಿ ಬರೆಸಿದ್ದಲ್ಲ ಅದು. ಓದಿದಾಗ ನನಗೆ ಗಂಟಲು ಕಟ್ಟಿತ್ತು.

ನನ್ನ ತಕರಾರು ಇಷ್ಟೇ. ನೀರ್ ಸಾಬ್ ಕೊರೆಸಿದ ಬೋರಿನಿಂದ ಮನೆಮನೆಗೆ ನೀರು ತಲುಪಿಸಿದವರು ಯಾರು? ನಮ್ಮೂರಿನ ನೀರುಗಂಟಿ. ಕರೆಂಟು ಬಂದಾಗ, ಅದು ರಾತ್ರಿ ಎರಡು ಗಂಟೆಯಾದರೂ ಸರಿ, ಟಾರ್ಚ್ ಹಿಡಿದು ಹೋಗಿ ಮೋಟರ್ ಹಾಕಿ ಬರೋರು. ಅವರು ಹೋದ ಸುದ್ದಿ ನನಗೆ ಗೊತ್ತಾಗಿದ್ದು ಅಕ್ಕನ ಫೋನಿನಿಂದ. "ನೀರುಗಂಟಿ ಹೋಗ್ಬಿಟ್ರು ಕಣೋ. ಎರಡು ದಿನ ನಲ್ಲೀಲಿ ನೀರೇ ಬರ್ಲಿಲ್ಲ, ಆಗ್ಲೇ ಊರಿಗೆಲ್ಲ ಅವ್ರ ನೆನಪಾಗಿದ್ದು" ಅಂದಳು. ಪಂಚಾಯ್ತಿಯಲ್ಲಿ ಸಂತಾಪ ಸಭೆ ಆಯ್ತಾ ಅಂತ ಕೇಳಿದೆ. "ಅವ್ರಿಗೆಲ್ಲಾ ಯಾರು ಮಾಡ್ತಾರೋ?" ಅಂದಳು.

ಮಾಡಬಹುದಲ್ಲ? ಖರ್ಚೇನೂ ಇಲ್ಲ. ಕಂಬದ ಮೇಲೆ ಸತ್ತ ಲೈನ್‌ಮನ್, ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತ ಪೌರಕಾರ್ಮಿಕ, ಇವರೂ ಜನರ ಕೆಲಸ ಮಾಡುತ್ತಲೇ ಹೋದವರು. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ಸಾಲು, ಒಂದು ನಿಮಿಷ ಮೌನ, ಮನೆಯವರ ಕೈಗೆ ಒಂದು ಹಾಳೆ. ಪರಿಹಾರದ ದುಡ್ಡು ಮುಖ್ಯವೇ, ಇಲ್ಲ ಅನ್ನಲ್ಲ. ಆದರೆ ಅಪ್ಪ ಮಾಡಿದ್ದು ಕೆಲಸ ಅಂತ ಲೆಕ್ಕಕ್ಕೆ ಬಂತು ಅಂತ ಮಗನಿಗೆ ಅನ್ನಿಸೋದು ಆ ಹಾಳೆಯಿಂದ.

ಸರ್ಕಾರ ಮಾಡಲಿ ಅಂತ ಕಾಯೋದೇಕೆ? ಹೊರನಾಡಿನ ನಮ್ಮ ಸಂಘಗಳಲ್ಲಿ ವಾರ್ಷಿಕ ಸಭೆಗೆ ಮೊದಲು ತೀರಿಕೊಂಡ ಮಾಜಿ ಅಧ್ಯಕ್ಷರು, ದಾನಿಗಳ ಹೆಸರು ಓದ್ತೀವಿ. ರಾಜ್ಯೋತ್ಸವಕ್ಕೆ ಇಪ್ಪತ್ತು ವರ್ಷ ಬಿಸಿಬೇಳೆಬಾತ್ ಮಾಡಿಕೊಟ್ಟ ಅಡುಗೆಯವರು, ಕುರ್ಚಿ ಜೋಡಿಸುತ್ತಿದ್ದ ಫ್ಯಾಕ್ಟರಿ ಹುಡುಗ, ಇವರ ಹೆಸರೂ ಆ ಪಟ್ಟಿಗೆ ಸೇರಲಿ. ನಿಮ್ಮ ಸಂಘದಲ್ಲಿ ಈಗಾಗಲೇ ಹೀಗೆ ಮಾಡ್ತಿದ್ರೆ ಬರೆದು ತಿಳಿಸಿ, ನಾವೂ ಕಲೀತೀವಿ.