ಬಿಟ್ಟುಹೋದ ಹಾಡಿನ ಜಗಳ

ಹಾಡುಗಳ ಸಂಗ್ರಹವೊಂದು ಹೊರಬಂದಾಗ ಅಭಿಮಾನಿ ಮೊದಲು ನೋಡುವುದು ಅದರಲ್ಲಿ ಏನಿದೆ ಎಂಬುದನ್ನಲ್ಲ, ಏನಿಲ್ಲ ಎಂಬುದನ್ನು. ಕವಿತೆಗಳ ಸಂಕಲನ ಕೈಗೆ ಬಂದಾಗ ನಾವೂ ಮಾಡುವುದು ಅದನ್ನೇ. ಪರಿವಿಡಿಯ ಮೇಲೆ ಬೆರಳಾಡಿಸುತ್ತ ನಮ್ಮ ಮೆಚ್ಚಿನ ಕವಿ ಇದ್ದಾನೋ ಇಲ್ಲವೋ ಎಂದು ಹುಡುಕುತ್ತೇವೆ. ಇಲ್ಲದಿದ್ದರೆ ಸಂಪಾದಕರ ಮೇಲೆ ಸಿಟ್ಟಾಗುತ್ತೇವೆ. ಆ ಸಿಟ್ಟನ್ನು ಬರೆದರೆ ಅದಕ್ಕೆ ವಿಮರ್ಶೆ ಎಂಬ ಹೆಸರು ಸಿಗುತ್ತದೆ. ಸಿನಿಮಾ ಹಾಡಿನ ವಿಷಯದಲ್ಲಿ ಅದೇ ಸಿಟ್ಟು ಬಂದರೆ ಹುಚ್ಚು ಅಭಿಮಾನ ಅನ್ನುತ್ತಾರೆ. ಇವೆರಡರ ನಡುವೆ ಅಂಥ ದೂರವೇನೂ ಇಲ್ಲವೆಂದು ನನಗೆ ಅನ್ನಿಸಿದ್ದು ಹಂದನಕೆರೆಯಲ್ಲಿ, ಪುನೀತ್ ರಾಜ್‌ಕುಮಾರ್ ಅವರ ವಿಡಿಯೊ ಹಾಡುಗಳನ್ನು ತುಂಬಿದ ಒಂದು ಪೆನ್‌ಡ್ರೈವ್‌ನ ದೆಸೆಯಿಂದ.

ಹಂದನಕೆರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹೋಬಳಿ. ಸುತ್ತ ತೆಂಗು. ಇಲ್ಲಿ ಕಾಯಿಯನ್ನು ಇಳಿಸಿದ ಕೂಡಲೇ ಮಾರುವುದು ಕಡಿಮೆ. ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಗುಡುಗುಡು ಅನ್ನುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಆಮೇಲೆ ಸುಲಿಯುವವರು ಬರುತ್ತಾರೆ. ಕೂಲಿ ಸಾವಿರ ಕಾಯಿಯ ಲೆಕ್ಕ. ಒಂದೇ ಚಲನೆಯನ್ನು ದಿನವಿಡೀ ಮಾಡುವ ಕೆಲಸ ಅದು. ಹಾಡಿಲ್ಲದೆ ಕೈ ಓಡುವುದಿಲ್ಲ. ನಾನು ಚಿಕ್ಕವನಿದ್ದಾಗ ಟೇಪ್‌ರೆಕಾರ್ಡರ್ ಇತ್ತು. ಆಮೇಲೆ ಸಂತೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹರವಿಟ್ಟ ವಿಸಿಡಿಗಳು ಬಂದವು. ಒಂದೇ ತಟ್ಟೆಯಲ್ಲಿ ಒಬ್ಬ ನಟನ ಹತ್ತಿಪ್ಪತ್ತು ಹಾಡು. ಅದರ ನಂತರ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್‌ಗೆ ‘ಹಾಡು ಹಾಕಿಸಿಕೊಂಡು’ ಬರುವ ಕಾಲ. ಈಗ ಯೂಟ್ಯೂಬ್. ಸಾಧನ ಬದಲಾದರೂ ಸಂಗ್ರಹದ ರೀತಿ ಬದಲಾಗಲಿಲ್ಲ. ಹಾಡುಗಳನ್ನು ಸಿನಿಮಾದಿಂದ ಬಿಡಿಸಿ ನಟನ ಹೆಸರಿನ ಕೆಳಗೆ ಕಟ್ಟುವುದೇ ನಮ್ಮ ರೂಢಿ. ಬೇರೆ ದೇಶಗಳಲ್ಲಿ ಪಾಪ್ ಗಾಯಕ ನಿಲ್ಲುವ ಜಾಗದಲ್ಲಿ ನಮ್ಮಲ್ಲಿ ಸಿನಿಮಾ ನಟ ನಿಂತಿದ್ದಾನೆ.

2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡರು. 46 ವರ್ಷ. ಎರಡು ದಿನದ ಬಳಿಕ ಕಂಠೀರವ ಸ್ಟುಡಿಯೊದಲ್ಲಿ ಅಪ್ಪ ಅಮ್ಮನ ಸಮಾಧಿಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು. ಆ ದಿನಗಳಲ್ಲಿ ಟಿವಿಯಲ್ಲಿ ಅವರ ಹಾಡು ಬಿಟ್ಟು ಬೇರೇನೂ ಇರಲಿಲ್ಲ. ಆದರೆ ನಮ್ಮ ಕಡೆ ಸುಲಿಯುವ ಜಾಗಗಳಲ್ಲಿ ಅವರ ಹಾಡು ನಿಂತುಹೋಯಿತು. ಯಾರೂ ನಿಲ್ಲಿಸಿ ಎಂದು ಹೇಳಿದ್ದಲ್ಲ. ಸ್ಪೀಕರ್‌ನಲ್ಲಿ ತಾನಾಗಿ ಬಂದರೆ ಯಾರಾದರೊಬ್ಬರು ಎದ್ದು ಮುಂದಿನ ಹಾಡಿಗೆ ದಾಟಿಸುತ್ತಿದ್ದರು. ‘ಬ್ಯಾಡ ಕಣಪ್ಪ, ಕೈ ಆಡಲ್ಲ’ ಎಂದು ಒಬ್ಬರು ಹೇಳಿದ್ದು ನೆನಪಿದೆ. ದಾಟಿಸಿದ್ದು ದುಃಖದ ಹಾಡನ್ನಲ್ಲ, ಕುಣಿತದ ಹಾಡನ್ನು.

ನಾನು ಓದುತ್ತಿರುವುದು ಕಾವ್ಯಮೀಮಾಂಸೆ. ‘ಕೈ ಆಡಲ್ಲ’ ಎಂಬ ಮಾತು ನನ್ನನ್ನು ನೇರವಾಗಿ ಅಭಿನವಗುಪ್ತನ ಬಳಿಗೆ ಕರೆದೊಯ್ದಿತು. ಹಂದನಕೆರೆಯವರಿಗೆ ಈ ದಾರಿ ದೂರದ್ದಲ್ಲ. ‘ಭಾರತೀಯ ಕಾವ್ಯಮೀಮಾಂಸೆ’ ಬರೆದು ರಸ, ಧ್ವನಿ, ಸಹೃದಯ ಎಂಬ ಮಾತುಗಳನ್ನು ಕನ್ನಡದ ವಿದ್ಯಾರ್ಥಿಗಳಿಗೆ ತಿಳಿಯಾಗಿ ಹೇಳಿಕೊಟ್ಟ ತೀ.ನಂ. ಶ್ರೀಕಂಠಯ್ಯನವರು ಇದೇ ತಾಲ್ಲೂಕಿನ ತೀರ್ಥಪುರದವರು. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಅಭಿನವಗುಪ್ತ ಹೇಳುತ್ತಾನೆ. ಅವುಗಳಲ್ಲಿ ಒಂದು, ನೋಡುವವನು ತನ್ನದೇ ಸುಖದುಃಖಕ್ಕೆ ವಶನಾಗಿಬಿಡುವುದು. ಮನೆಯಲ್ಲಿ ಸಾವಾದವನು ನಾಟಕಕ್ಕೆ ಬಂದು ಕೂತರೆ ರಂಗದ ಮೇಲಿನ ಶೃಂಗಾರ ಅವನನ್ನು ಮುಟ್ಟುವುದಿಲ್ಲ. ಇದಕ್ಕೆ ಪರಿಹಾರವನ್ನೂ ಅವನೇ ಹೇಳುತ್ತಾನೆ: ಹಾಡು, ವಾದ್ಯ, ಅಲಂಕರಿಸಿದ ರಂಗಮಂಟಪ. ಇವು ಮನಸ್ಸನ್ನು ಅದರ ಸ್ವಂತ ಗಾಯದಿಂದ ಆಚೆಗೆ ಎಳೆಯುತ್ತವೆ.

ಆದರೆ ಮದ್ದೇ ನೋವಾದರೆ? ನಮ್ಮೂರಿನಲ್ಲಿ ಆದದ್ದು ಅದು. ದುಃಖ ಮರೆಸಬೇಕಾದ ಹಾಡೇ ದುಃಖ ತರುತ್ತಿತ್ತು.

2022ರ ಮಾರ್ಚ್ 17ರಂದು ಪುನೀತ್ ಹುಟ್ಟಿದ ದಿನ, ‘ಜೇಮ್ಸ್’ ಬಿಡುಗಡೆಯಾಯಿತು. ಡಬ್ಬಿಂಗ್ ಮುಗಿಸುವ ಮೊದಲೇ ಅವರು ಹೋಗಿದ್ದರಿಂದ ಅವರ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ನಮ್ಮ ಹುಡುಗರು ಬೆಳಗ್ಗೆಯೇ ತಿಪಟೂರಿಗೆ ಹೋಗಿ ನೋಡಿ ಬಂದರು. ಸಂಜೆ ಊರಿನಲ್ಲಿ ಬಿಳಿ ಪಂಚೆ ಕಟ್ಟಿ, ಬಾಡಿಗೆಗೆ ತಂದ ಪ್ರೊಜೆಕ್ಟರ್ ಇಟ್ಟು, ಮೊಬೈಲ್ ರಿಪೇರಿ ಅಂಗಡಿಯ ಹುಡುಗ ತಾನು ಜೋಡಿಸಿದ ಸಂಗ್ರಹವನ್ನು ಹಾಕಿದ. ಮೂವತ್ತು ಹಾಡು, ಎರಡೂವರೆ ಗಂಟೆ. ಮೊದಲ ಹಾಡು 1981ರ ‘ಭಾಗ್ಯವಂತ’ ಚಿತ್ರದ ‘ಬಾನ ದಾರಿಯಲ್ಲಿ’. ಕೊನೆಯದು 2017ರ ‘ರಾಜಕುಮಾರ’ದ ‘ಬೊಂಬೆ ಹೇಳುತೈತೆ’.

ಮೊದಲ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆರು ವರ್ಷದ ಹುಡುಗ ತನ್ನದೇ ದನಿಯಲ್ಲಿ ಹಾಡುತ್ತಿದ್ದಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡವರು ಕೆಲವರು. ಆಮೇಲೆ 2002ರ ‘ಅಪ್ಪು’ ಬಂದಾಗ, ಆ ಕಾಲು, ಆ ಹುಮ್ಮಸ್ಸು ಕಂಡಾಗ, ಗಂಡಸರೂ ತಲೆ ತಗ್ಗಿಸಿದರು. ಹಾಡಿನಲ್ಲಿ ಕಣ್ಣೀರಿಗೆ ಕಾರಣವೇ ಇರಲಿಲ್ಲ.

ಅವತ್ತು ನನಗೆ ಸಂಗ್ರಹ ಎಂಬುದರ ಒಂದು ಗುಣ ಹೊಳೆಯಿತು. ನಟ ಕಿರೀಟ, ವೇಷ ತೊಡುವುದು ನಾವು ಅವನನ್ನು ಮರೆತು ಪಾತ್ರವನ್ನು ಕಾಣಲಿ ಎಂದು. ಸಿನಿಮಾದೊಳಗಿದ್ದಾಗ ಹಾಡಿಗೂ ಒಂದು ವೇಷ ಇರುತ್ತದೆ. ಹಾಡುವವನು ಒಬ್ಬ ಪಾತ್ರಧಾರಿ, ಅವನಿಗೊಂದು ಹೆಸರು, ಮನೆ, ಪ್ರೀತಿ, ಜಗಳ ಎಲ್ಲ ಉಂಟು. ಸಂಗ್ರಹ ಈ ವೇಷವನ್ನು ಕಳಚುತ್ತದೆ. ಮೂವತ್ತು ಪಾತ್ರ ಹೋಗಿ ಒಬ್ಬ ಮನುಷ್ಯ ಉಳಿಯುತ್ತಾನೆ. ಮಗುವಾಗಿದ್ದವನು ಎರಡೂವರೆ ಗಂಟೆಯಲ್ಲಿ ಕಣ್ಣೆದುರೇ ಬೆಳೆದು, ನಡುವಯಸ್ಸಿಗೆ ಬರುತ್ತಾನೆ. ಅಲ್ಲಿಗೆ ಹಾಡು ಮುಗಿಯುತ್ತದೆ. ಬದುಕಿದ್ದಾಗ ಸಂಗ್ರಹದ ಕೊನೆಯಲ್ಲಿ ಸದಾ ಒಂದು ಖಾಲಿ ಜಾಗ ಇರುತ್ತಿತ್ತು, ಮುಂದಿನ ಸಿನಿಮಾಕ್ಕೆ. ಈಗ ಆ ಜಾಗ ಇಲ್ಲ. ಅವತ್ತು ಊರು ಅತ್ತದ್ದು ಇದಕ್ಕೆ ಎಂದು ನನ್ನ ಲೆಕ್ಕ.

ಮೈಕಲ್ ಜಾಕ್ಸನ್ 2009ರ ಜೂನ್‌ನಲ್ಲಿ ತೀರಿಕೊಂಡ ಮೇಲೆ, 2010ರ ನವೆಂಬರ್‌ನಲ್ಲಿ ಅವನ ನಲವತ್ತಕ್ಕೂ ಹೆಚ್ಚು ವಿಡಿಯೊಗಳನ್ನು ಮೂರು ಡಿವಿಡಿಗಳಲ್ಲಿ ಸೇರಿಸಿ ‘ವಿಷನ್’ ಎಂಬ ಹೆಸರಿನಲ್ಲಿ ತಂದರು. ಆ ಪೆಟ್ಟಿಗೆ ತೆರೆದವರಿಗೂ ಹೀಗೇ ಆಗಿರಬೇಕು. ಆದರೆ ಒಂದು ವ್ಯತ್ಯಾಸವಿದೆ. ಜಾಕ್ಸನ್‌ನ ವಿಡಿಯೊದಲ್ಲಿ ದನಿಯೂ ಅವನದು, ಮೈಯೂ ಅವನದು. ನಮ್ಮ ಸಿನಿಮಾ ಹಾಡು ನಾಲ್ಕು ಜನರ ಪಾಲಿನ ಆಸ್ತಿ. ‘ಬೊಂಬೆ ಹೇಳುತೈತೆ’ ಬರೆದವರು ಸಂತೋಷ್ ಆನಂದ್‌ರಾಮ್, ರಾಗ ಹಾಕಿದವರು ವಿ. ಹರಿಕೃಷ್ಣ, ಹಾಡಿದವರು ವಿಜಯ್ ಪ್ರಕಾಶ್. ಊರಿಗೆ ಮಾತ್ರ ಅದು ಅಪ್ಪು ಹಾಡು. ಜಗಳ ಹೊತ್ತಿಕೊಂಡಿದ್ದು ಈ ಬಿರುಕಿನಲ್ಲಿಯೇ.

ಇಪ್ಪತ್ತನೆಯ ಹಾಡೋ ಏನೋ ಮುಗಿದಿತ್ತು. ಸುಲಿಯುವವರ ಪೈಕಿ ಒಬ್ಬರು ಹಿಂದಿನಿಂದ ಕೇಳಿದರು: ‘ಲೇ ಮಗ, ಜಾಕಿದು ಎಲ್ಲೋ?’ 2010ರ ‘ಜಾಕಿ’ಯ ‘ಎಕ್ಕ ರಾಜ ರಾಣಿ’ ಸಂಗ್ರಹದಲ್ಲಿ ಇರಲಿಲ್ಲ. ಹುಡುಗ, ‘ಜಾಗ ಸಾಲ್ಲಿಲ್ಲ ಅಣ್ಣ’ ಅಂದ. ‘ಅದ್ಯಾವ್ದೋ ಮಳೆ ಹಾಡಿಗೆಲ್ಲ ಜಾಗ ಐತೆ, ಇದಕ್ಕೆ ಇಲ್ವೇನ್ಲಾ?’

ಅಷ್ಟೇ ಸಾಕಾಯಿತು. ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಬಾಯಿಗಳೆಲ್ಲ ಒಟ್ಟಿಗೆ ಬಿಚ್ಚಿದವು. ಅಜ್ಜಿಯೊಬ್ಬಳ ವಾದ ಸರಳವಾಗಿತ್ತು: ಮಗುವಾಗಿದ್ದಾಗ ಹಾಡಿದ್ದು ಮಾತ್ರ ಅವನ ಹಾಡು, ಯಾಕೆಂದರೆ ಅದರಲ್ಲಿ ಮೈಯೂ ದನಿಯೂ ಅವನದೇ. ಉಳಿದದ್ದು ‘ಬೇರೆಯೋರ ಗಂಟಲು’. ಹುಡುಗರು ಒಪ್ಪಲಿಲ್ಲ. ದೊಡ್ಡವನಾದ ಮೇಲೂ ಅವರು ಹಾಡಿಲ್ಲವೇ, ಬೇರೆ ನಟರ ಸಿನಿಮಾಗಳಿಗೂ ಹಾಡಿಲ್ಲವೇ, ಅವನ್ನೂ ಸೇರಿಸಬೇಕು ಎಂದರು. ಪರದೆಯ ಮೇಲೆ ಅವರೇ ಇಲ್ಲದಿದ್ದರೆ ನೋಡುವುದೇನನ್ನು ಎಂದು ಇನ್ನೊಬ್ಬರು. ನಿವೃತ್ತ ಮೇಷ್ಟರು ‘ಬೆಟ್ಟದ ಹೂವು’ ಯಾಕೆ ಬಿಟ್ಟೆ ಎಂದು ಪಟ್ಟು ಹಿಡಿದರು. 1985ರ ಆ ಚಿತ್ರಕ್ಕೆ ಪುನೀತ್ ಅವರಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂದಿತ್ತು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಕಾಸು ಕೂಡಿಡುವ ಹುಡುಗನ ಕತೆ ಅದು. ‘ಪುಸ್ತಕಕ್ಕಾಗಿ ದುಡಿದ ಹುಡುಗನ್ನ ಬಿಟ್ಟು ಬೈಕ್ ಮೇಲೆ ಬರೋನ್ನ ಹಾಕಿದೀಯಲ್ಲಪ್ಪ’ ಎಂಬ ಅವರ ಮಾತಿಗೆ ನಗು ಎದ್ದಿತು. ಆ ಸಂಜೆಯ ಮೊದಲ ನಗು.

ಜಾಕಿಯ ಹಾಡು ಕೇಳಿದವರನ್ನು ನಾನು ಆಮೇಲೆ, ಅದೇ ಯಾಕೆ ಬೇಕು ಅಣ್ಣ ಎಂದು ಕೇಳಿದೆ. ಅವರು ಅಪ್ಪು ಒಳ್ಳೆಯತನ, ದಾನಧರ್ಮ, ಕಣ್ಣು ಕೊಟ್ಟದ್ದು ಯಾವುದನ್ನೂ ಎತ್ತಲಿಲ್ಲ. ‘ಆ ಹಾಡಿನ ಏಟು ಕಾಯಿಗೆ ಸರ್ಯಾಗ್ ಕೂರ್ತದೆ. ಕುಕ್ಕು, ತಿರುವು, ಕುಕ್ಕು, ತಿರುವು. ಹಾಡು ಮುಗಿಯೋದ್ರಲ್ಲಿ ಗುಡ್ಡೆ ಬಿದ್ದಿರ್ತದೆ’ ಅಂದರು. ಇದು ಲಯದ ಬಗ್ಗೆ ಆಡಿದ ಮಾತು. ಸತ್ತವನ ಬಗ್ಗೆ ಅಲ್ಲ, ಹಾಡಿನ ಬಗ್ಗೆ. ‘ಕೈ ಆಡಲ್ಲ’ ಎಂದು ಹಾಡನ್ನು ದಾಟಿಸುತ್ತಿದ್ದ ಗುಂಪಿನಲ್ಲಿ ಅವರೂ ಇದ್ದರು. ಈಗ ಕೈ ಆಡಲು ಅದೇ ಹಾಡು ಬೇಕೆಂದು ಕೇಳುತ್ತಿದ್ದರು.

ನಾನು ಹೇಳಬೇಕೆಂದಿರುವುದು ಇಷ್ಟೇ. ಅಂದು ಆದ ಜಗಳ ದುಃಖಕ್ಕೆ ಮಾಡಿದ ಅವಮಾನವಲ್ಲ. ದುಃಖದಿಂದ ಹೊರಬರುವ ಬಾಗಿಲೇ ಆ ಜಗಳವಾಗಿತ್ತು. ಬರೀ ಅಳುವವನಿಗೆ ಎಲ್ಲ ಹಾಡೂ ಒಂದೇ. ಯಾವುದು ಬಂದರೂ ಕಣ್ಣು ತುಂಬುತ್ತದೆ. ಇದಕ್ಕಿಂತ ಅದು ಮೇಲು, ಇದು ಬೇಕು ಅದು ಬೇಡ ಎನ್ನಬೇಕಾದರೆ ಹಾಡನ್ನು ಮತ್ತೆ ಹಾಡಾಗಿ ಕೇಳಬೇಕು. ಅದರ ದನಿ ಯಾರದು, ಲಯ ಎಂಥದು, ಮಾತು ಎಂಥದು ಎಂದು ಬಿಡಿಸಿ ನೋಡಬೇಕು. ಅಭಿನವಗುಪ್ತ ಹೇಳಿದ ಮದ್ದು ಹಾಡು. ಹಂದನಕೆರೆ ಅದಕ್ಕೊಂದು ಅನುಪಾನ ಸೇರಿಸಿತು: ಹಾಡಿನ ಬಗ್ಗೆ ವಾದ.

ಅಭಿಮಾನಿ ಎಂಬ ಪದವನ್ನು ಮೀಮಾಂಸೆಯ ಕಡೆಯಿಂದ ನೋಡಿದರೆ ಅದು ಹೊಗಳಿಕೆಯಲ್ಲ. ಸಾಂಖ್ಯರ ಪ್ರಕಾರ ಅಭಿಮಾನವೆಂದರೆ ‘ನಾನು, ನನ್ನದು’ ಎನ್ನುವ ಅಹಂಕಾರ. ರಸಾನುಭವಕ್ಕೆ ಸಡಿಲವಾಗಬೇಕಾದದ್ದು ಅದೇ. ಇತ್ತ ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರುಗಳೇ ಎಂದು ಕರೆದರು. ಒಂದು ಕಡೆ ವಿಘ್ನ, ಇನ್ನೊಂದು ಕಡೆ ದೇವರು. ನಾನು ನೋಡಿದ ಅಭಿಮಾನಿಗಳು ಎರಡೂ ಅಲ್ಲ. ‘ನಮ್ಮ ಅಪ್ಪು’ ಎನ್ನುವುದನ್ನು ಅವರು ಬಿಡುವುದಿಲ್ಲ, ಬಿಡಬೇಕೆಂದು ಹೇಳಲು ನನಗೆ ಅಧಿಕಾರವೂ ಇಲ್ಲ. ಆದರೆ ಆ ‘ನಮ್ಮ’ ಎಂಬುದರೊಳಗೇ ಕೂತು, ಸುಲಿಯುವವರು, ಅಜ್ಜಿ, ಮೇಷ್ಟರು, ಹುಡುಗರು ತಮ್ಮ ತಮ್ಮ ಅಳತೆಗೋಲು ಹೊರತೆಗೆದರು. ‘ನನ್ನದು’ ಎಂಬುದು ಹತ್ತು ಜನರ ಮುಂದೆ ವಾದಕ್ಕೆ ಬಿದ್ದಾಗ ತುಸುವಾದರೂ ಎಲ್ಲರದಾಗುತ್ತದೆ. ಸಹೃದಯ ಹುಟ್ಟುವುದು ಹಾಗೂ ಇರಬಹುದು, ಗ್ರಂಥಾಲಯದಲ್ಲಿ ಮಾತ್ರವಲ್ಲ.

ಸಂಗ್ರಹ ಆಮೇಲೆ ಪ್ರತಿ ಮಾರ್ಚ್‌ಗೆ ತಿದ್ದುಪಡಿಯಾಗುತ್ತ ಬಂದಿದೆ. ಮೇಷ್ಟರ ಹಾಡು ಎರಡನೆಯ ವರ್ಷವೇ ಸೇರಿತು. 2025ರಲ್ಲಿ ಪುನೀತ್ ಹುಟ್ಟಿ ಐವತ್ತು ವರ್ಷವಾಗುವ ಹೊತ್ತಿಗೆ ‘ಅಪ್ಪು’ ಮತ್ತೆ ಚಿತ್ರಮಂದಿರಕ್ಕೆ ಬಂತು, ಹುಡುಗರು ಶಿಳ್ಳೆ ಹೊಡೆದು ಬಂದರು. ಊರಿನ ಪರದೆಯ ಮುಂದೆ ಈಗ ಅಳುವವರು ಕಡಿಮೆ. ಎದುರಿನ ಸಾಲಿನಲ್ಲಿ ಕುಣಿಯುವ ಪುಟಾಣಿಗಳಿಗೆ ಅಪ್ಪು ಸತ್ತದ್ದು ಗೊತ್ತೇ ಇಲ್ಲ. ಅವರಿಗೆ ಅವು ಬರೀ ಹಾಡು.

‘ಎಕ್ಕ ರಾಜ ರಾಣಿ’ ಮೂರನೆಯ ವರ್ಷ ಸೇರಿಕೊಂಡಿತು. ಆದರೆ ಅದನ್ನು ಕೇಳಿದವರಿಗೆ ಸಮಾಧಾನವಾಗಿಲ್ಲ. ಹುಡುಗ ಸಮಯ ಉಳಿಸಲೆಂದು ನಡುವಿನ ವಾದ್ಯವನ್ನು ಕತ್ತರಿಸಿಬಿಟ್ಟಿದ್ದಾನಂತೆ. ‘ಅಲ್ಲಿ ಎಂಟು ಕಾಯಿ ಹೋಯ್ತಲ್ಲೋ’ ಎಂದು ಅವರು ಅಂಗಡಿಯ ಮುಂದೆ ಹಾದಾಗಲೆಲ್ಲ ಕೇಳುತ್ತಾರೆ.